ಎರಡನೆಯ ಸಲ ಕರೆದಾಗ

ಜೂನ್ 4, ಮಂಗಳವಾರ. ಸಂಜೆ 6

ಇಪ್ಪತ್ತು ಕುರ್ಚಿ ಹಾಕಿದೆ, ಹನ್ನೊಂದು ಮಕ್ಕಳು ಬಂದರು. ಅದರಲ್ಲಿ ಇಬ್ಬರು ಫ್ಯಾನಿನ ಕೆಳಗೆ ಮಲಗಲು ಬಂದವರು. ಕುರ್ಚಿಗಳನ್ನು ಮತ್ತೆ ಮಡಚಿಟ್ಟೆ. ಇಂಟರ್ನ್‌ಶಿಪ್‌ನ ಎರಡನೆಯ ದಿನ ಕಲಿತದ್ದು ಇಷ್ಟೇ — ಕಬ್ಬಿಣದ ಕುರ್ಚಿ ಮಡಚುವಾಗ ಬೆರಳು ಎಲ್ಲಿಡಬಾರದು.

ಕೇಂದ್ರ ಇರುವುದು ನವೋತಾಸ್ ಮೀನು ಬಂದರಿನ ಹಿಂದೆ, ಮುಚ್ಚಿದ ಐಸ್ ಫ್ಯಾಕ್ಟರಿಯ ಮಹಡಿಯಲ್ಲಿ. ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಒಂದು ದಾರಿ ಹುಡುಕಿಕೊಡುವುದು ಇವರ ಕೆಲಸ. ನಡೆಸುವವರು ಮ್ಯಾಮ್ ಫೆಲಿ. ನನಗೆ ವಹಿಸಿದ್ದು ದಿವಿನಾ ಎಂಬ ಹುಡುಗಿಯ ಫೈಲ್. ಹದಿನೇಳು ವರ್ಷ. ಬಂದರಿನಲ್ಲಿ ಮೀನು ಸೀಳುತ್ತಾಳೆ, ದೋಣಿ ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಾಳಂತೆ. ದೂರದ ಬತಂಗಾಸ್‌ನಲ್ಲಿ ಎಂಜಿನ್ ರಿಪೇರಿ ತರಬೇತಿಗೆ ಸೀಟು ಸಿಕ್ಕಿದೆ. ಆರು ತಿಂಗಳು, ಹಾಸ್ಟೆಲ್ ಸಹಿತ. ಹದಿನೆಂಟು ತುಂಬದ್ದರಿಂದ ಅಜ್ಜಿಯ ಸಹಿ ಬೇಕು. ಕೊನೆಯ ದಿನ ಜೂನ್ 21, ಸಂಜೆ ಐದು. ಅಜ್ಜಿ ಸಹಿ ಹಾಕುತ್ತಿಲ್ಲ.

ಮ್ಯಾಮ್ ಫೆಲಿ ಹೇಳಿದರು — "ಮನೆಗಳಿಗೆ ಹೋದಾಗ ಏನೂ ತಿನ್ನಬೇಡ. ನಿನ್ನ ಮನೆ ಕಥೆ ಹೇಳ್ಕೋಬೇಡ. ಒಬ್ಬರ ಮನೇಲಿ ಉಂಡ್ರೆ ಪಕ್ಕದ ಮನೆಯೋರು ಮುಖ ತಿರುಗಿಸ್ತಾರೆ."

ತಲೆಯಾಡಿಸಿದೆ. ಫೈಲ್ ತೆರೆದು ವಿಳಾಸ ನೋಡಿದೆ. ನಮ್ಮ ಓಣಿ. ನಾನು ಹುಟ್ಟಿ ಒಂಬತ್ತು ವರ್ಷ ಬೆಳೆದ ಓಣಿ. ಹೇಳಲಿಲ್ಲ. ಕಾಲೇಜಿನಲ್ಲೂ ಯಾರಿಗೂ ಹೇಳಿಲ್ಲ — ಆಮೇಲೆ ಹೋಗಿ ನೆಲೆಸಿದ ಬುಲಕಾನ್‌ನವಳು ಅಂತಲೇ ಎಲ್ಲ ಕಡೆ ಬರೆದಿರುವುದು. ಮೀನಿನ ವಾಸನೆಯವಳು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು.

ಜೂನ್ 7, ಶುಕ್ರವಾರ

ಓಣಿ ಇಷ್ಟು ಚಿಕ್ಕದಿತ್ತೇ? ಆಗ ಈ ತುದಿಯಿಂದ ಆ ತುದಿಗೆ ಓಡಿದರೆ ಉಸಿರು ಕಟ್ಟುತ್ತಿತ್ತು. ಇವತ್ತು ಎಣಿಸಿದೆ, ತೊಂಬತ್ತು ಹೆಜ್ಜೆ. ಕೈಪಂಪು ಅಲ್ಲೇ ಇದೆ. ಬ್ಯಾಸ್ಕೆಟ್‌ಬಾಲ್ ರಿಂಗ್ ಹೊಡೆದಿದ್ದ ತೆಂಗಿನ ಕಂಬವೂ ಇದೆ, ರಿಂಗ್ ಮಾತ್ರ ಹೊಸದು. ಹನ್ನೊಂದು ವರ್ಷದ ಹಿಂದೆ ಬೆಂಕಿ ಬಿದ್ದು ನಮ್ಮ ಸಾಲಿನ ಆರು ಮನೆ ಸುಟ್ಟ ಜಾಗದಲ್ಲಿ ಈಗ ಬಾಡಿಗೆ ಟ್ರೈಸಿಕಲ್ ಗಾಡಿಗಳು ನಿಲ್ಲುತ್ತವೆ.

ಸೆಪಾ ಅಜ್ಜಿಯ ಮನೆ ಬೆಂಕಿಗೆ ಸಿಗದ ಸಾಲಿನದು. ಹೌದು, ಸೆಪಾ ಅಜ್ಜಿ! ದಿವಿನಾ ಇವರ ಮೊಮ್ಮಗಳೆಂದು ಬಾಗಿಲಿಗೆ ಬರುವ ತನಕ ಗೊತ್ತಿರಲಿಲ್ಲ, ಆಗ ಅವಳು ತಾಯಿಯ ಜೊತೆ ಬೇರೆ ಊರಿನಲ್ಲಿದ್ದಳು. ಅಮ್ಮ ಬಂದರಿನಲ್ಲಿ ಮೀನು ವಿಂಗಡಿಸಲು ಹೋದರೆ ನಾನು ದಿನವಿಡೀ ಬಿದ್ದಿರುತ್ತಿದ್ದದ್ದು ಇದೇ ಹೊಸಿಲಲ್ಲಿ. ಅಜ್ಜಿ ಬಿಳಿಚಿಕೊಂಡಿದ್ದಾರೆ, ಕನ್ನಡಕಕ್ಕೆ ದಾರ ಕಟ್ಟಿದ್ದಾರೆ. ನನ್ನ ಒಂದು ಕೈಯಲ್ಲಿ ಫೈಲ್, ಇನ್ನೊಂದರಲ್ಲಿ ಪೆನ್ನು. ಇಲ್ಲಿನ ರೂಢಿಯಂತೆ ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳಬೇಕಿತ್ತು. ಒತ್ತಿಕೊಳ್ಳಲಿಲ್ಲ.

"ಬಾ, ಊಟ ಮಾಡು" ಎಂದರು.

"ಈಗಷ್ಟೇ ಆಯ್ತು ಅಜ್ಜಿ."

"ಯಾರ ಮಗಳು ನೀನು?"

"ಕೇಂದ್ರದಿಂದ ಬಂದಿದೀನಿ ಅಜ್ಜಿ."

ಅಜ್ಜಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಕೇಂದ್ರ ಯಾವಾಗ ಮಕ್ಕಳನ್ನ ಹೆರೋಕೆ ಶುರು ಮಾಡ್ತೋ" ಎಂದು ಗೊಣಗಿ ಒಲೆಯ ಕಡೆ ತಿರುಗಿದರು. ಒಲೆಯ ಮೇಲೆ ಹೆಸರುಕಾಳಿನ ಸಾರು. ಶುಕ್ರವಾರ ಅಲ್ಲವೇ, ಮನೆ ಮನೆಯಲ್ಲೂ ಅದೇ. ಬೆಳ್ಳುಳ್ಳಿ ಹುರಿದ ಘಮ. ಸಹಿಯ ಮಾತೆತ್ತಿದರೆ, "ನಾಳೆ ನೋಡೋಣ."

ಜೂನ್ 11, ಮಂಗಳವಾರ

ಮತ್ತೆ ಹೋದೆ. ಮತ್ತೆ "ನಾಳೆ." ದಿವಿನಾ ನಗುತ್ತಾಳೆ — "ಅಕ್ಕ, ನಿನ್ನ ಫೈಲಿಗೂ ಒಂದು ಸ್ಟೂಲ್ ಹಾಕ್ಲಾ? ಪಾಪ, ದಿನಾ ನಿಂತೇ ಇರುತ್ತೆ." ನಗುವಾಗ ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು. ಉಗುರಿನ ಸಂದಿಯಲ್ಲಿ ಒಂದು ಕೈಗೆ ಮೀನಿನ ಹುರುಪೆ, ಇನ್ನೊಂದು ಕೈಗೆ ಗ್ರೀಸ್. ಬತಂಗಾಸ್‌ಗೆ ಒಯ್ಯಲು ಆಗಲೇ ಒಂದು ಸ್ಪ್ಯಾನರ್ ಸೆಟ್ ಹೊಂದಿಸಿಟ್ಟುಕೊಂಡಿದ್ದಾಳೆ.

ಜೂನ್ 14, ಶುಕ್ರವಾರ. ಸಂಜೆ

ಅಜ್ಜಿ ಊಟಕ್ಕೆ ಕರೆದರು. ಆಗಲೇ ಆಯ್ತು ಅಂದೆ. ಸುಮ್ಮನಾಗುತ್ತಾರೆ ಅಂದುಕೊಂಡೆ. ಇಲ್ಲ — ಮೇಲಿನ ಹಲಗೆಯಿಂದ ಒಂದು ತಟ್ಟೆ ತೆಗೆದು, ಅಂಗಿಯ ತುದಿಯಲ್ಲೇ ಒರೆಸಿ, ಚಮಚ ಇಟ್ಟು, ನನ್ನ ಮುಂದೆ ಸರಿಸಿ, "ಬಾ, ಕೂತ್ಕೋ" ಎಂದರು.

"ನಮಗೆ ನಿಯಮ ಇದೆ ಅಜ್ಜಿ. ತಪ್ಪು ತಿಳ್ಕೋಬೇಡಿ."

ಅಜ್ಜಿ ತಟ್ಟೆ ಎತ್ತಿದರು. ಹಲಗೆಯ ಮೇಲೆ ಬೋರಲು ಹಾಕಿದರು. ಟ್ರೈಸಿಕಲ್‌ನಲ್ಲಿ ಬರುವಾಗ ದಾರಿಯುದ್ದಕ್ಕೂ ಹೊಟ್ಟೆ ಗುರ್ ಎನ್ನುತ್ತಿತ್ತು. ನಿಯಮ ಪಾಲಿಸಿದೆ ಎಂದು ರಿಪೋರ್ಟ್‌ನಲ್ಲಿ ಬರೆದೆ.

ಜೂನ್ 18

ಬಾಗಿಲು ಹಾಕಿತ್ತು. ಒಳಗೆ ರೇಡಿಯೋ ಹಾಡುತ್ತಿತ್ತು. "ಯಾರಿದ್ದೀರಿ ಮನೇಲಿ?" ಎಂದು ಮೂರು ಸಲ ಕೂಗಿದೆ. ರೇಡಿಯೋದ ದನಿ ಜೋರಾಯಿತು.

ಜೂನ್ 20, ಗುರುವಾರ

ಅಮ್ಮನಿಗೆ ಫೋನ್ ಮಾಡಿದೆ. ಎಲ್ಲಿ ಕೆಲಸ ಎಂದು ಈ ತನಕ ಅಮ್ಮನಿಗೂ ಹೇಳಿರಲಿಲ್ಲ. ಎಲ್ಲ ಹೇಳಿದೆ.

"ತಟ್ಟೆ ಇಟ್ಟಿದ್ರಾ?"

"ಹ್ಞೂಂ."

"ಚಮಚಾನೂ?"

"ಹ್ಞೂಂ ಅಮ್ಮ."

"ಎದ್ದು ಬಂದ್ಯಾ? ಕತ್ತೆ. ಓದಿ ಓದಿ ಕತ್ತೆ ಆದೆ ನೀನು. ಮೊದಲನೇ ಸಲ ಕರೆಯೋದು ಬಾಯಿಮಾತಿಗೆ, ದಾರೀಲಿ ಹೋಗೋರನ್ನೂ ಕರೀತಾರೆ, ಊಟ ಆಯ್ತು ಅನ್ನಬೇಕು. ಎರಡನೇ ಸಲ ತಟ್ಟೆ ಇಟ್ಟು ಕರೆದ್ರೆ ಕೂತ್ಕೋಬೇಕು. ಆ ಓಣೀಲಿ ಮೂರನೇ ಸಲ ಯಾರೂ ಕರೆಯಲ್ಲ. ಮರೆತುಬಿಟ್ಯಾ?"

ಮರೆತಿದ್ದೆ. ಅಲ್ಲಿ ಹುಟ್ಟದ ಹುಡುಗಿಗೆ ಗೊತ್ತಿಲ್ಲದಿದ್ದರೆ ಮಾತು ಬೇರೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಜೂನ್ 21, ಶುಕ್ರವಾರ. 5:40

ಆಗಲಿಲ್ಲ.

ಮಧ್ಯಾಹ್ನವೇ ಹೋದೆ. ಬಾಗಿಲು ತೆರೆದಿತ್ತು. ಫೈಲ್ ಕಂಕುಳಲ್ಲಿ ಇಟ್ಟುಕೊಂಡೇ ಹೇಳಿದೆ — "ಅಜ್ಜಿ, ಇವತ್ತು ಊಟ ಕೊಡಿ."

ಅಜ್ಜಿ ಕಾಳು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಇವತ್ತು ನಿನಗೆ ಹಸಿವಾ, ಸಹಿಯಾ?"

ಫೈಲನ್ನು ಬೆನ್ನ ಹಿಂದೆ ಸರಿಸಿ ನಿಂತೆ. ದಿವಿನಾ ಅಜ್ಜಿಯ ಕಾಲು ಹಿಡಿದಳು, ಅತ್ತಳು, ಕೊನೆಗೆ ಸ್ಪ್ಯಾನರ್ ಚೀಲವನ್ನು ಗೋಡೆಗೆ ಎಸೆದಳು. ಅಜ್ಜಿ ಕಾಳು ಆರಿಸುತ್ತಲೇ ಇದ್ದರು. ಐದು ಗಂಟೆಗೆ ಮ್ಯಾಮ್ ಫೆಲಿ ಫೋನ್ ಮಾಡಿ, ಸೀಟು ಬೇರೆಯವರಿಗೆ ಹೋಯಿತು ಅಂದರು. ಮುಂದಿನ ಬ್ಯಾಚ್ ಜನವರಿಗೆ.

ಓಣಿಯ ತುದಿಯ ತನಕ ದಿವಿನಾ ಬಂದಳು. "ಇನ್ನಾರು ತಿಂಗಳು ಮೀನಿನ ಕರುಳು ಕೀಳ್ತೀನಿ. ನೀನು ರಿಪೋರ್ಟ್ ಬರಿ ಅಕ್ಕ. ಚೆನ್ನಾಗಿ ಬರಿ."

ಜುಲೈ 5, ಶುಕ್ರವಾರ. ಸಂಜೆ 7

ಎರಡು ವಾರ ಏನೂ ಬರೆದಿಲ್ಲ. ಕೇಂದ್ರದಲ್ಲಿ ಕುರ್ಚಿ ಹಾಕಿದೆ, ಮಡಚಿದೆ. ದಿವಿನಾ ಬರುತ್ತಿರಲಿಲ್ಲ.

ಇವತ್ತು ಡ್ಯೂಟಿ ಮುಗಿದ ಮೇಲೆ ಕೇಂದ್ರದ ಜಾಕೆಟ್ ಬಿಚ್ಚಿಟ್ಟು, ಫೈಲ್ ಅಲ್ಲೇ ಬಿಟ್ಟು ಹೋದೆ. ಕೈಯಲ್ಲಿ ಏನೂ ಇಲ್ಲ. ಅಜ್ಜಿ ಹೊಸಿಲ ಮೇಲೆ ಕೂತಿದ್ದರು. ಅವರ ಕೈ ಹಿಡಿದು ಹಣೆಗೆ ಒತ್ತಿಕೊಂಡೆ. ಬೆಳ್ಳುಳ್ಳಿ ವಾಸನೆ, ಒಣಮೀನಿನ ವಾಸನೆ. ಒಂಬತ್ತು ವರ್ಷದವಳಾಗಿಬಿಟ್ಟೆ.

"ನಾನು ನೆನಿಂಗ್ ಮಗಳು ಅಜ್ಜಿ. ಟಿಂಗ್‌ಟಿಂಗ್."

ಟಿಂಗ್‌ಟಿಂಗ್ ಎಂದರೆ ಪೊರಕೆಯ ತೆಂಗಿನಕಡ್ಡಿ. ಅಷ್ಟು ಸಣಕಲಿಯಾಗಿದ್ದೆ. ಆ ಹೆಸರಿಟ್ಟವರೇ ಈ ಅಜ್ಜಿ. ಹನ್ನೊಂದು ವರ್ಷದಿಂದ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

"ಗೊತ್ತು" ಎಂದರು ಅಜ್ಜಿ. "ಮೊದಲನೇ ದಿನವೇ ಗೊತ್ತು. ನಿಮ್ಮಮ್ಮನ ಥರಾನೇ ಹೊಸಿಲಿಗೆ ಎಡಗಾಲು ಇಡ್ತೀಯ."

"ಮತ್ಯಾಕೆ ಹೇಳ್ಲಿಲ್ಲ?"

"ಅಮ್ಮನ ಹೆಸರು ಹೇಳೋಕೆ ನಾಚಿಕೆ ಪಡೋಳಿಗೆ ನಾನ್ಯಾಕೆ ನೆನಪಿಸ್ಲಿ? ನಿನ್ನ ತಟ್ಟೇನೇ ತೆಗೆದಿಟ್ಟೆ ಅವತ್ತು. ಆವಾಗಾದ್ರೂ ನೋಡ್ತೀಯ ಅಂತ."

ಹಲಗೆಯ ಮೇಲಿಂದ ತಟ್ಟೆ ಬಂತು. ನೀಲಿ ಅಂಚು, ಒಂದು ಕಡೆ ಬಣ್ಣ ಎದ್ದ ಗುರುತು. ಕೈಪಂಪಿನ ಹತ್ತಿರ ನಾನೇ ಬೀಳಿಸಿದ್ದು. ಅನ್ನ, ಹೆಸರುಕಾಳಿನ ಸಾರು, ವಿನೆಗರ್‌ನಲ್ಲಿ ಅದ್ದಿದ ಒಣಮೀನು. ಕಣ್ಣೀರು ಸುರಿಯುತ್ತಿದ್ದರೂ ಎರಡು ಸಲ ಹಾಕಿಸಿಕೊಂಡು ಉಂಡೆ.

ಉಣ್ಣುವಾಗ ಅಜ್ಜಿ ಹೇಳಿದರು. "ಬೆಂಕಿ ಆದ್ಮೇಲೆ ನಿನ್ನ ಥರಾನೇ ಜಾಕೆಟ್ ಹಾಕ್ಕೊಂಡು ಸರ್ಕಾರದೋರು ಬಂದ್ರು. ಎಷ್ಟು ನಯವಾದ ಮಾತು ಅಂತೀಯ. ಒಬ್ಬರೂ ಒಂದು ಲೋಟ ನೀರು ಮುಟ್ಲಿಲ್ಲ. ಬುಲಕಾನ್‌ಗೆ ಹೋಗ್ತೀವಿ ಅಂತ ನಿಮ್ಮಮ್ಮ ಸಹಿ ಹಾಕಿದ್ಲು. ಮೂರನೇ ದಿನ ಲಾರಿ. ನೀನು ಲಾರಿ ಮೇಲೆ ನಿಂತು ಕೈ ಬೀಸ್ತಿದ್ದೆ, ಪಿಕ್ನಿಕ್ಕಿಗೆ ಹೋಗೋಳ ಹಾಗೆ. ಆಮೇಲೆ ಆರು ಮನೇಲಿ ಒಬ್ಬರ ಮುಖಾನೂ ನಾನು ನೋಡ್ಲಿಲ್ಲ. ನನ್ನ ಮನೇಲಿ ಒಂದು ತುತ್ತು ಉಣ್ಣದವಳ ಕೈಗೆ ಮೊಮ್ಮಗಳನ್ನ ಹೆಂಗೆ ಕೊಡ್ಲಿ, ಹೇಳು."

ಸಹಿಯ ಮಾತು ನಾನು ಎತ್ತಲಿಲ್ಲ. ದಿವಿನಾ ಮೂಲೆಯಲ್ಲಿ ಕೂತು ಉಂಡಳು. ನನ್ನ ಕಡೆ ನೋಡಲಿಲ್ಲ. ಆದರೆ ಮೀನಿನ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

ಜುಲೈ 8, ಸೋಮವಾರ

ಮ್ಯಾಮ್ ಫೆಲಿಗೆ ಎಲ್ಲ ಒಪ್ಪಿಸಿದೆ. ಓಣಿ, ಮುಚ್ಚಿಟ್ಟ ಹುಟ್ಟೂರು, ಊಟ. ಚೆನ್ನಾಗಿ ಬೈದರು. "ಮೊದಲೇ ಹೇಳಿದ್ರೆ ಆ ಮನೆಗೆ ಬೇರೆಯವರನ್ನ ಕಳಿಸ್ತಿದ್ದೆ. ಇಲ್ಲ ನಿನ್ನನ್ನೇ ಸರಿಯಾಗಿ ಕಳಿಸ್ತಿದ್ದೆ. ಆ ಹುಡುಗಿಗೆ ಆರು ತಿಂಗಳು ಹೋಯ್ತು, ತಿಳ್ಕೋ." ತಿಳಿದುಕೊಂಡೆ. ಕೋಣೆಯಿಂದ ಹೊರಡುವಾಗ ಹಿಂದಿನಿಂದ ಅಂದರು — "ನಿಯಮ ನಿಯಮವೇ. ಶುಕ್ರವಾರ ಐದಕ್ಕೆ ಡ್ಯೂಟಿ ಮುಗಿಯುತ್ತೆ. ಆಮೇಲೆ ನೀನು ಎಲ್ಲಿ ಉಣ್ತೀಯೋ ನನಗೇನು ಗೊತ್ತು."

ಜುಲೈ 12, ಶುಕ್ರವಾರ

ಊಟ ಮುಗಿದ ಮೇಲೆ ಅಜ್ಜಿ ಕೈ ತೊಳೆದು ಒರೆಸಿಕೊಂಡು, "ಎಲ್ಲಿ ಆ ಕಾಗದ?" ಎಂದರು.

ಜನವರಿ ಬ್ಯಾಚ್ ಬರುವಷ್ಟರಲ್ಲಿ ದಿವಿನಾಗೆ ಹದಿನೆಂಟು ತುಂಬಿರುತ್ತದೆ. ಯಾರ ಸಹಿಯೂ ಬೇಕಿಲ್ಲ. ಹೇಳಲೋ ಬೇಡವೋ ಎಂದು ತಡವರಿಸಿದೆ.

"ಬೇಕಾಗಿಲ್ಲ ಅಂತ ಗೊತ್ತು ಕಣೆ. ದಿವಿನಾ ಹೇಳಿದ್ಲು. ತಗೊಂಬಾ. ನಾಳೆ ಯಾರಾದ್ರೂ ಕೇಳಿದ್ರೆ ಮೊಮ್ಮಗಳು ಹೇಳದೇ ಕೇಳದೇ ಹೋದ್ಲು ಅಂತ ಆಗಬಾರದು. ನಾನೇ ಕಳಿಸಿದೆ ಅಂತ ಇರ್ಲಿ."

ಕೇಂದ್ರಕ್ಕೆ ಓಡಿಹೋಗಿ ಫಾರಂ ತಂದೆ. ಅಜ್ಜಿ ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಹೆಸರು ಬರೆದರು. ಗೆರೆಯಿಂದ ಆಚೆಗೂ ಹೋಯಿತು. ದಿವಿನಾ ಸದ್ದಿಲ್ಲದೆ ಎದ್ದುಹೋಗಿ ಪಂಪಿನ ಹತ್ತಿರ ಪಾತ್ರೆ ತೊಳೆಯುತ್ತಾ ಕೂತಳು. ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು.

ಆಗಸ್ಟ್ 2, ಶುಕ್ರವಾರ

ಇಂಟರ್ನ್‌ಶಿಪ್ ಗಂಟೆಗಳು ಮುಗಿದವು. 'ನೀವು ಕಲಿತದ್ದೇನು' ಎಂದು ಕಾಲೇಜಿನ ಫಾರಂನಲ್ಲಿ ಹತ್ತು ಸಾಲು ಬಿಟ್ಟಿದ್ದಾರೆ. ಎರಡು ಸಾಲು ಬರೆದು ಹೊಡೆದುಹಾಕಿದೆ. ವಿಳಾಸದ ಜಾಗದಲ್ಲಿ ಬುಲಕಾನ್ ಬರೆದು, ಕೆಳಗೆ ಓಣಿಯ ಹೆಸರನ್ನೂ ಬರೆದೆ.

ನವೆಂಬರ್ 15

ದಿವಿನಾಗೆ ಹದಿನೆಂಟು. ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ, ಅಜ್ಜಿ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡರು. ಹನ್ನೊಂದು ವರ್ಷದ್ದು ಬಾಕಿ ಇತ್ತು. ಆಮೇಲೆ ಒಂದೇ ಚಾಪೆಯ ಮೇಲೆ ಕೂತು, ಓಣಿಯಿಂದ ಹೋದವರ ಹೆಸರುಗಳನ್ನು ಮನೆ ಮನೆಯ ಲೆಕ್ಕದಲ್ಲಿ ಹೇಳುತ್ತಾ ಹೋದರು.

ಜನವರಿ 3, ಶುಕ್ರವಾರ. ಸಂಜೆ

ಅಜ್ಜಿಯ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಭಾನುವಾರ ಬೆಳಗಿನ ಬಸ್ಸಿಗೆ ದಿವಿನಾ ಹೊರಡುತ್ತಾಳೆ. ಚೀಲಕ್ಕೆ ಸ್ಪ್ಯಾನರ್‌ಗಳು, ಎರಡು ಜೊತೆ ಬಟ್ಟೆ, ಒಣಮೀನಿನ ಪೊಟ್ಟಣ. ಎಲ್ಲಕ್ಕಿಂತ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ, ಅಜ್ಜಿ ಸಹಿ ಹಾಕಿದ ಹಳೆಯ ಫಾರಂ.

"ಅದನ್ನ ಅಲ್ಲಿ ಯಾರೂ ಕೇಳಲ್ಲ ಕಣೆ" ಎಂದೆ.

"ಕೇಳದಿದ್ರೆ ನಾನೇ ತೋರಿಸ್ತೀನಿ. ನಿನಗೇನು ಕಷ್ಟ ಅಕ್ಕ."

ಹೊರಗೆ ಹುಡುಗರ ಚೆಂಡು ರಿಂಗಿಗೆ ಬಡಿದು ತಗಡಿನ ಮೇಲೆ ಬೀಳುತ್ತಿದೆ. ಆಗಲೂ ಹೀಗೇ ಬೀಳುತ್ತಿತ್ತು, ಆಗಲೂ ಅಜ್ಜಿ ಹೀಗೇ ಬೈಯುತ್ತಿದ್ದರು. ದಿವಿನಾ ಹೋದ ಮೇಲೂ ಶುಕ್ರವಾರ ಬರುತ್ತೀಯಾ ಎಂದು ಅಜ್ಜಿ ಕೇಳಿಲ್ಲ. ಕೇಳುವವರೂ ಅಲ್ಲ. ನಾನಾಗಿಯೇ ಹೇಳಬೇಕು ಎಂದುಕೊಂಡು ಅರ್ಧ ಗಂಟೆಯಿಂದ ಇಲ್ಲಿ ಬರೆಯುತ್ತಾ ಕೂತಿದ್ದೇನೆ.

ಊಟಕ್ಕೆ ಕರೆದರು. ಬಾಯಿಮಾತಿಗೆ. ಬಂದೆ ಅಜ್ಜಿ, ಅಂದೆ.

ನೀಲಿ ತಟ್ಟೆ ಇಟ್ಟ ಸದ್ದು. ಚಮಚ. ಎರಡನೆಯ ಸಲ ಕರೆಯುತ್ತಿದ್ದಾರೆ. ಪುಸ್ತಕ ಮುಚ್ಚಿ ಏಳುತ್ತೇನೆ.