ಆಡಿನ ಮೆದುಳು, ಅಬ್ಬಾರ ನಡಿಗೆ

ಮಂಡಕ್ಕಿ ಭಟ್ಟಿ ಲೇಔಟ್,
ದಾವಣಗೆರೆ
14 ನವೆಂಬರ್ 2024

ತೌಸೀಫ್ ಭಾಯಿ,

ನೀನು ಅಬ್ಬಾರನ್ನು ಕುಡುಕ ಅಂದೆ. ಅವರು ದುಡಿಯುವ ಮಂಡಕ್ಕಿ ಭಟ್ಟಿಯ ಬಾಗಿಲಲ್ಲಿ, ಹನ್ನೊಂದು ಜನರ ಎದುರು ಅಂದೆ. ಅಬ್ಬಾ ಕುಡಿದಿರಲಿಲ್ಲ. ಆ ಹೊತ್ತಿಗೆ ಅವರ ತಲೆಯ ಹಿಂಭಾಗದ ಒಂದು ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಅಸ್ಸಲಾಮು ಅಲೈಕುಮ್. ಸಲಾಮಿಗಿಂತ ಮೊದಲು ತಪ್ಪನ್ನು ಬರೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಮೂರು ತಿಂಗಳು ತಡ ಮಾಡಿದ್ದಕ್ಕೆ ಮಾತ್ರ ಕೇಳುತ್ತೇನೆ. ಅವತ್ತಿನಿಂದ ನೀನು ನಮ್ಮೆಲ್ಲರ ನಂಬರ್ ಬ್ಲಾಕ್ ಮಾಡಿದ್ದೀಯ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲ. ಹರಿಹರಕ್ಕೆ ಬಂದು ನಿನ್ನ ಲೇತ್ ಅಂಗಡಿಯ ಮುಂದೆ ಕೂಗಾಡಬೇಕೆಂದು ಎರಡು ಸಲ ಹೊರಟಿದ್ದೆ. ಅಮ್ಮಿ ಬಿಡಲಿಲ್ಲ. "ಬರೆದು ಹೇಳು ಆಮ್ನಾ. ಬರೆಯಾಗ ನಿನಗ ಸ್ವಲ್ಪ ಬುದ್ಧಿ ಇರ್ತೈತೆ" ಅಂದರು.

ಅಬ್ಬಾ ಆಸ್ಪತ್ರೆ ಸೇರಿದ ಸುದ್ದಿಯನ್ನು ಮಟನ್ ಅಂಗಡಿಯ ನಬೀ ಸಾಬ್ ನಿನಗೆ ಮುಟ್ಟಿಸಿದರು. "ಕುಡಿದು ಕುಡಿದು ಹಿಂಗಾಗೈತೆ" ಅಂತ ನೀನು ತಿರುಗಿ ಹೇಳಿ ಕಳಿಸಿದೆ. ಅದಕ್ಕೇ ನಾನು ನಡೆದದ್ದನ್ನೆಲ್ಲ ಒಂದೊಂದಾಗಿ ಬರೆಯುತ್ತಿದ್ದೇನೆ. ನೀನೇ ನನಗೆ ಹೆಸರಿಟ್ಟಂತೆ, ಪುಸ್ತಿಕೆ ಬೀ ಮತ್ತೆ ಶುರು ಮಾಡಿದಳು ಎಂದು ನಗುತ್ತೀಯ. ನಗು, ಆದರೆ ಕೊನೆಯವರೆಗೆ ಓದು.

ಆಗಸ್ಟ್ ಹನ್ನೊಂದರ ಭಾನುವಾರ ನೀನು ಹರಿಹರದಿಂದ ಬಂದು, ಮಧ್ಯಾಹ್ನದ ಬುತ್ತಿ ಹಿಡಿದು ಭಟ್ಟಿಗೆ ಹೋದಾಗ ಅಬ್ಬಾ ಕಾಲು ಅಗಲಿಸಿ ತೂರಾಡುತ್ತಿದ್ದರು. ಮಾತು ತೊದಲುತ್ತಿತ್ತು. ಅಷ್ಟನ್ನೇ ನೋಡಿ ನೀನು ತೀರ್ಪು ಕೊಟ್ಟೆ. ಮಾಲೀಕ ಬಕ್ಕೇಶಣ್ಣ, "ಮಗನೇ ಅಂದಮ್ಯಾಲೆ ಇನ್ನೇನೈತೆ? ಬೆಂಕಿ ಹತ್ರ ಕುಡಿದವ್ರನ್ನ ನಿಲ್ಲಿಸಾಕಾಗಲ್ಲ ಮಕ್ತುಮ್ ಸಾಬ್, ಮನಿಗೆ ನಡೀರಿ" ಅಂದರು. ಇಪ್ಪತ್ತೆಂಟು ವರ್ಷ ಬಿಸಿ ಮರಳಿನ ಮುಂದೆ ನಿಂತು ಮಂಡಕ್ಕಿ ಹುರಿದ ಉಸ್ತಾದ್ ಗೋಡೆ ಹಿಡಿದು ಮನೆಗೆ ಬಂದರು. ಆಮೇಲೆ ಎಂಟು ದಿನ ಮಲಗಿದರು. ಓಣಿಯವರು ತಾಯತ ಕಟ್ಟಿದರು, ಮಜ್ಜಿಗೆ ಕುಡಿಸಿದರು. ಯಾರೂ ಡಾಕ್ಟರ ಮಾತೆತ್ತಲಿಲ್ಲ. ಕುಡುಕನಿಗೆ ಡಾಕ್ಟರ್ ಯಾಕೆ?

ಒಂಬತ್ತನೆಯ ದಿನ ನನಗೆ ಒಂದು ಸಾಲು ನೆನಪಾಯಿತು. ವಿಜ್ಞಾನ ಜಾಥಾದವರು ಬಸ್ ನಿಲ್ದಾಣದಲ್ಲಿ ಮಾರಿದ್ದ, ಮೆದುಳಿನ ಬಗೆಗಿನ ಮೂವತ್ತೆರಡು ಪುಟದ ಪುಸ್ತಿಕೆಯಲ್ಲಿತ್ತು: ಕಿರುಮೆದುಳಿಗೆ ಪೆಟ್ಟಾದವರು ಕುಡಿದವರಂತೆ ನಡೆಯುತ್ತಾರೆ. ಅರ್ಧ ಗಂಟೆಯಲ್ಲಿ ಅಬ್ಬಾರನ್ನು ಆಟೋದಲ್ಲಿ ಕೂರಿಸಿ ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್‌ಗೆ ಒಯ್ದೆ.

ಅಲ್ಲಿದ್ದವರು ಡಾಕ್ಟರ್ ಕೀರ್ತನಾ. "ನಿಮ್ಮ ಮೂಗು ಮುಟ್ರಿ, ಈಗ ನನ್ನ ಬೆರಳು ಮುಟ್ರಿ" ಅಂದರು. ಅಬ್ಬಾರ ಬೆರಳು ಮೂಗು ತಪ್ಪಿ ಕೆನ್ನೆಗೆ ಬಡಿಯಿತು. "ಕುಡಿಯೋ ಅಭ್ಯಾಸ ಐತೇನ್ರಿ?" ಎಂದು ಕೇಳಿದರು. ಅಬ್ಬಾ ತೊದಲುತ್ತಲೇ ಹೇಳಿದರು: "ಐತ್ರಿ. ಚಹಾ. ದಿನಕ್ಕ ಆರು." ಡಾಕ್ಟರ್ ನಕ್ಕರು, ಮರುಕ್ಷಣ ನಗು ನಿಲ್ಲಿಸಿ ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು. ಕಿರುಮೆದುಳಿನ ಬಲಭಾಗದಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ರಕ್ತ ಹರಿಯುವುದು ನಿಂತುಹೋಗಿತ್ತು. ಹತ್ತು ದಿನ ಆಸ್ಪತ್ರೆಯಾಯಿತು. ಅಂದಿನಿಂದ ಇಂದಿನವರೆಗೆ ಅಬ್ಬಾ ದಿನಾ ಬೆಳಗ್ಗೆ ನಮ್ಮ ಓಣಿಯಲ್ಲಿ ಸುಣ್ಣದ ಗೆರೆಯ ಮೇಲೆ ನಡೆಯುತ್ತಾರೆ. ಗೆರೆ ಎಳೆಯುವವಳು ನಾನು. ಬೀಳುತ್ತಾರೆ, ಏಳುತ್ತಾರೆ, ಮತ್ತೆ ಮೊದಲಿನಿಂದ ನಡೆಯುತ್ತಾರೆ. ಇಂಥ ಮನುಷ್ಯನ ಮಗಳು ನಾನು ಎಂದು ಓಣಿಯ ತುದಿಯಲ್ಲಿ ನಿಂತು ಕೂಗಬೇಕೆನಿಸುತ್ತದೆ.

ಆದರೆ ಕುಡುಕ ಅನ್ನುವ ಹೆಸರು ಹೋಗಲಿಲ್ಲ. ಆಸ್ಪತ್ರೆಯ ಚೀಟಿಯನ್ನು ಯಾರು ಓದುತ್ತಾರೆ? ಕಣ್ಣಾರೆ ನೋಡಿ ನಂಬಿದ ಸುಳ್ಳನ್ನು ಕಣ್ಣಾರೆ ತೋರಿಸಿಯೇ ಅಳಿಸಬೇಕು. ಹಾಗೆಂದು ಹೋದ ಭಾನುವಾರ ನಬೀ ಸಾಬರ ಅಂಗಡಿಗೆ ಹೋಗಿ, ಆಡಿನ ಭೇಜಾ ಒಂದಿಷ್ಟೂ ಒಡೆಯದಂತೆ ಇಡಿಯಾಗಿ ಬೇಕು ಅಂದೆ.

"ಹುರಿಯಾಕ ಚೂರಾದ್ರೂ ನಡೀತೈತಲ್ಲವ್ವ, ಇಡೀದು ಯಾಕ?"

"ಪಾಠಕ್ಕೆ, ಚಾಚಾ."

"ಪಾಠ ಆದಮ್ಯಾಲೆ?"

"ಆಮೇಲೆ ಹುರೀತೀವಿ."

ಮಧ್ಯಾಹ್ನ ಬೆಂಕಿ ತಗ್ಗಿಸಿದ ಹೊತ್ತಿನಲ್ಲಿ ಆ ಮೆದುಳನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಭಟ್ಟಿಯ ನಡುವೆ ಇಳಿಸಿದೆ. ಅಬ್ಬಾರನ್ನೂ ಕರೆದೊಯ್ದಿದ್ದೆ. ಮಾಂಸ ಮುಟ್ಟದ ಬಕ್ಕೇಶಣ್ಣ ಮೂಗಿಗೆ ಟವೆಲ್ ಹಿಡಿದು ಬಾಗಿಲಾಚೆ ನಿಂತರು, ಆದರೆ ಹೋಗಲಿಲ್ಲ. ಜರಡಿ ಹಿಡಿಯುವ ಉಚ್ಚೆಂಗೆಮ್ಮ, "ಏನೇ ಇದು, ಅಡಿಗಿ ಕಲಿಸಾಕ ಬಂದಿಯೇನ?" ಅಂದಳು.

ನಾನು ಕಡ್ಡಿ ಹಿಡಿದು ತೋರಿಸಿದೆ. ಈ ದೊಡ್ಡ, ಮಡಿಕೆ ಮಡಿಕೆಯ ಭಾಗ ಹೆಮ್ಮೆದುಳು. ಎರಡು ಹೋಳು, ಒಂದೊಂದರಲ್ಲೂ ಹಾಲೆ ಅನ್ನುವ ನಾಲ್ಕು ಭಾಗ. ಎಡ ಹೋಳು ಬಲಗೈಯನ್ನು ಆಡಿಸುತ್ತದೆ, ಬಲ ಹೋಳು ಎಡಗೈಯನ್ನು. ಮುಂದಿನ ಹಾಲೆಯಲ್ಲಿ ಯೋಚನೆ, ತೀರ್ಮಾನ, ಕೈಕಾಲಿಗೆ ಹೊರಡುವ ಹುಕುಂ. ಅದರ ಹಿಂದಿನ ಹಾಲೆಗೆ ಬಿಸಿ, ತಂಪು, ಮುಟ್ಟಿದ್ದು ತಿಳಿಯುತ್ತದೆ. ಕಿವಿಯ ಪಕ್ಕದ ಹಾಲೆಯಲ್ಲಿ ಕೇಳಿಸಿಕೊಳ್ಳುವುದು, ನೆನಪು. ಎಲ್ಲಕ್ಕಿಂತ ಹಿಂದಿನದರಲ್ಲಿ ನೋಟ. ಕೆಳಗಿನ ಈ ದಂಟು ಮೆದುಳಕಾಂಡ. ಉಸಿರು, ಎದೆಬಡಿತ ಎಲ್ಲ ಅದರ ಕೈಯಲ್ಲಿ. ನಾವು ನಿದ್ದೆಯಲ್ಲಿದ್ದರೂ ಅದಕ್ಕೆ ರಜೆ ಇಲ್ಲ. ದಂಟಿನ ಬೆನ್ನಿಗೆ ಅಂಟಿದ ಈ ಪುಟ್ಟ ಗಂಟು ಕಿರುಮೆದುಳು. ಹುಕುಂ ಹೊರಡಿಸುವುದು ಹೆಮ್ಮೆದುಳು. ಕೈ ಎಷ್ಟು ದೂರ ಹೋಗಬೇಕು, ಕಾಲು ಎಲ್ಲಿ ಊರಬೇಕು, ನಾಲಿಗೆ ಯಾವಾಗ ಹೊರಳಬೇಕು ಎಂದು ಅಳತೆ ಸರಿಮಾಡುವುದು ಕಿರುಮೆದುಳು.

"ಅಬ್ಬಾಗೆ ಪೆಟ್ಟಾಗಿದ್ದು ಇಲ್ಲಿ" ಅಂದೆ. "ಮುಂದಿನ ಹಾಲೆ ಚೆನ್ನಾಗಿದೆ, ಬುದ್ಧಿ ಚೆನ್ನಾಗಿದೆ. ಅಳತೆ ಮಾತ್ರ ತಪ್ಪಿದೆ."

ಅಬ್ಬಾ ತಟ್ಟೆಗೆ ಬಗ್ಗಿ ಆ ಗಂಟನ್ನು ನೋಡಿ ನಿಧಾನವಾಗಿ ಹೇಳಿದರು: "ಮನ್ಯಾಗ ಇಷ್ಟು ವರ್ಷ... ಈ ತುಣುಕು... ನಾನೇ ತಿಂದಿದ್ದು." ಭಟ್ಟಿಯೆಲ್ಲ ನಕ್ಕಿತು. ಮೂರು ತಿಂಗಳ ಮೇಲೆ ಅವರ ಜೊತೆ ನಕ್ಕಿತು ಭಾಯಿ, ಅವರನ್ನು ನೋಡಿ ಅಲ್ಲ.

ಬಕ್ಕೇಶಣ್ಣ ಮಾತ್ರ ಬಾಗಿಲಾಚೆಯಿಂದ, "ಪಾಠ ಚಲೋ ಐತೆ ತಂಗಿ. ಕುಡೀದೆ ಮನುಷ್ಯ ಹಂಗ ತೂರಾಡ್ತಾನ ಅಂದ್ರೆ ಹೆಂಗೆ ನಂಬಾದು?" ಅಂದರು.

"ನಿಂತಲ್ಲೇ ಹದಿನೈದು ಸುತ್ತು ತಿರುಗ್ರಿ, ಆಮೇಲೆ ಈ ಗೆರೆ ಮೇಲೆ ನಡೀರಿ" ಎಂದು ಬಾಗಿಲ ಬಳಿ ಸುಣ್ಣದ ಗೆರೆ ಎಳೆದೆ. ಹನ್ನೊಂದು ಜನ ಎಣಿಸಿದರು. ಮಾಲೀಕರು ಟವೆಲ್ ಬಿಟ್ಟು ಸುತ್ತಿದರು, ನಡೆದರು, ಮೂರನೇ ಹೆಜ್ಜೆಗೆ ಮಂಡಕ್ಕಿ ಚೀಲದ ಮೇಲೆ ಒರಗಿದರು. ಉಚ್ಚೆಂಗೆಮ್ಮ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಯಾವ ಅಂಗಡೀದು ಏರಿಸಿ ಬಂದೀರಿ, ಸಾವ್ಕಾರ್ರೆ?"

ಕಿವಿಯೊಳಗಿನಿಂದ ಕಿರುಮೆದುಳಿಗೆ ಹೋಗುವ ಸಮತೋಲದ ಸುದ್ದಿ ಒಂದು ನಿಮಿಷ ಕಲಸಿಹೋದರೆ ಹೀಗೆ, ಅಬ್ಬಾಗೆ ಅದು ಇಡೀ ದಿನ ಎಂದು ನಾನು ಹೇಳಿದಾಗ ಯಾರೂ ನಗಲಿಲ್ಲ. ಬಕ್ಕೇಶಣ್ಣ ಎದ್ದು ಬಂದು, ಆ ತಟ್ಟೆಯನ್ನು ದಾಟಿ, ಅಬ್ಬಾರ ಎರಡೂ ಕೈ ಹಿಡಿದುಕೊಂಡರು. "ತಪ್ಪಾತು ಉಸ್ತಾದ್. ನಾಳಿಂದ ಬರ್ರಿ."

ಈಗ ಅಬ್ಬಾ ಬೆಂಕಿಯಿಂದ ದೂರ ಒಂದು ಸ್ಟೂಲಿನ ಮೇಲೆ ಕೂರುತ್ತಾರೆ. ಮರಳಿಗೆ ಅಕ್ಕಿ ಬಿದ್ದು ಅರಳುವ ಸದ್ದು ಯಾವ ಕ್ಷಣಕ್ಕೆ ತೆಗೆಯಬೇಕೆಂದು ಹೇಳುತ್ತದೆ. ಆ ಸದ್ದನ್ನು ಅವರಂತೆ ಕೇಳುವವರು ಇನ್ನೊಬ್ಬರಿಲ್ಲ. "ಹ್ಞೂಂ" ಅನ್ನುತ್ತಾರೆ, ಹುರಿಯುವವರು ಎತ್ತುತ್ತಾರೆ. ಒಂದು ಕಾಳೂ ಕರಕಾಗುವುದಿಲ್ಲ. ಕಿವಿಯ ಪಕ್ಕದ ಹಾಲೆಯಲ್ಲಿ ಇಪ್ಪತ್ತೆಂಟು ವರ್ಷದ ಆ ಸದ್ದು ಕೂತಿದೆ, ಅದನ್ನು ಯಾವ ಹೆಪ್ಪೂ ಮುಟ್ಟಿಲ್ಲ.

ಅಮ್ಮಿ ನಿನಗೆ ದುವಾ ಹೇಳಿದ್ದಾರೆ. ಅಲ್ಲಾಹ್ ನಿನ್ನ ಹೆಮ್ಮೆದುಳನ್ನೂ ಕಿರುಮೆದುಳನ್ನೂ ಒಟ್ಟಿಗೆ ಕಾಪಾಡಲಿ. ಲೇತ್ ಮುಂದೆ ನಿಲ್ಲುವ ನಿನಗೆ ಎರಡೂ ಬೇಕು.

ನಿನ್ನ ತಂಗಿ,
ಆಮ್ನಾ

ಮತ್ತೆ: ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆಗಸ್ಟಿನ ಆ ಭಾನುವಾರ ಬೆಳಗ್ಗೆ, ನೀನು ಬರುವ ಮೊದಲು, ಅಬ್ಬಾ ತೂರಾಡಿ ಮನೆಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಾನು ಹತ್ತಿರ ಹೋಗಿ ಅವರ ಬಾಯಿ ಮೂಸಿದೆ. ಬರೀ ಚಹಾದ ವಾಸನೆ. ಆದರೂ ಸುಮ್ಮನಿದ್ದೆ. ಯಾಕೆ ಬಗ್ಗಿದೆ ಎಂದು ಅವರಿಗೆ ಗೊತ್ತಾಯಿತು. ಮುಖ ತಿರುಗಿಸಿಕೊಂಡು ಭಟ್ಟಿಗೆ ಹೋದರು. ಪುಸ್ತಿಕೆಯ ಆ ಸಾಲು ನೆನಪಾಯಿತು ಅಂದೆನಲ್ಲ, ಅದರ ಕೆಳಗೆ ಹೋದ ವರ್ಷವೇ ನನ್ನ ಕೈಯಿಂದ ಗೆರೆ ಎಳೆದಿದ್ದೆ. ಮೊದಲ ದಿನವೇ ತಂದಿದ್ದರೆ ಕಿರುಮೆದುಳು ಇನ್ನಷ್ಟು ಉಳಿಯುತ್ತಿತ್ತು ಎಂದು ಡಾಕ್ಟರ್ ಹೇಳಿದ್ದಾರೆ. ನೀನು ಬಾಯಿಬಿಟ್ಟು ಅಂದೆ. ನಾನು ಮೂಸಿದೆ. ಇಬ್ಬರೂ ಅವರಲ್ಲಿ ಮಾಫಿ ಕೇಳಬೇಕು, ಒಟ್ಟಿಗೆ.

ನಾವು ನಿನ್ನಲ್ಲಿಗೆ ಬರುತ್ತೇವೆ. ಅಬ್ಬಾ ಬಸ್ಸಿನ ಮೆಟ್ಟಿಲನ್ನು ತಾವೇ ಇಳಿಯುತ್ತಾರೆ, ತೂರಾಡುತ್ತಾರೆ, ಜನ ತಿರುಗಿ ನೋಡುತ್ತಾರೆ. ಆಗ ನೀನು ಅವರ ಪಕ್ಕದಲ್ಲಿರಬೇಕು. ಹರಿಹರ ಬಸ್ ನಿಲ್ದಾಣ, ನವೆಂಬರ್ ಇಪ್ಪತ್ತನಾಲ್ಕು, ಭಾನುವಾರ, ಬೆಳಗ್ಗೆ ಹತ್ತು ಗಂಟೆ.