ಐಸ್‌ಲ್ಯಾಂಡಿನ ದೆವ್ವಕ್ಕೆ ನಮ್ಮೂರಲ್ಲಿ ತಡೆಯಾಜ್ಞೆ

ಸಮುದಾಯ ಭವನದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕಳೆದ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ತಾವು ಒಂದು ದೆವ್ವವನ್ನು ಹೊಸ್ತಿಲಾಚೆ ನಿಲ್ಲಿಸಿ ಭವನಕ್ಕೆ ಬೀಗ ಹಾಕಿಸಿದಿರಿ. ಪಾಪ, ಅದು ಇನ್ನೂ ಅಲ್ಲೇ ನಿಂತಿದೆ. ಆ ಸಿನಿಮಾದ ಉಳಿದ ನಲವತ್ತು ನಿಮಿಷ ನಮಗೆ ಬೇಕು. ಈ ಪತ್ರ ಅದಕ್ಕಾಗಿಯೇ.

‘ಭೀತಿ ಹುಟ್ಟಿಸುವ ವಿದೇಶಿ ಚಿತ್ರಗಳಿಂದ ಮಹಿಳೆಯರ ಮನಸ್ಸಿನ ಮೇಲೆ ದುಷ್ಪರಿಣಾಮ ಆಗುವ ಸಂಭವ ಇರುವುದರಿಂದ’ ಎಂದು ತಮ್ಮ ಆದೇಶ ಹೇಳುತ್ತದೆ. ಯಾರೋ ದೂರು ಕೊಟ್ಟರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ. ತಾವು ಅದಕ್ಕೆ ಮೊಹರನ್ನೂ ಒತ್ತಿದಿರಿ. ಆ ಮಹಿಳೆಯರನ್ನು ಒಂದು ಮಾತು ಕೇಳಿದಿರಾ?

ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ವಾಡಿ–ಶಹಾಬಾದ ನಡುವಿನ ನಮ್ಮ ಈ ಊರಿನಲ್ಲಿ ಭಾನುವಾರ ಮಧ್ಯಾಹ್ನ ಸಿನಿಮಾ ತೋರಿಸುವುದು ನನ್ನ ಚಟ. ಈ ಬೇಸಿಗೆಗೆ ಐಸ್‌ಲ್ಯಾಂಡಿನ ಅತ್ಯುತ್ತಮ ದೆವ್ವದ ಚಿತ್ರಗಳಲ್ಲಿ ಐದನ್ನು ಆರಿಸಿದ್ದೆ. ಕಲಬುರಗಿ ಪಟ್ಟಣದಷ್ಟೂ ಜನವಿಲ್ಲದ ದೇಶ ಅದು. ಹೊರಗೆ ನಲವತ್ತೆರಡು ಡಿಗ್ರಿ, ಪರದೆಯ ಮೇಲೆ ಮೊಣಕಾಲು ಮಟ್ಟ ಹಿಮ. ಜನಕ್ಕೆ ಅದೇ ಅರ್ಧ ಸುಖ. ಇಂಗ್ಲಿಷ್ ಅಡಿಬರಹವನ್ನು ನಾನು ಮೈಕಿನಲ್ಲಿ ನಮ್ಮ ಮಾತಿಗೆ ತಿರುಗಿಸುತ್ತೇನೆ. ಪುರಾಣ ಪ್ರವಚನ ಕೇಳಿ ಬೆಳೆದ ಜನಕ್ಕೆ ಒಬ್ಬರು ಓದಿ ಬಿಡಿಸಿ ಹೇಳುವುದು ಹೊಸದೇನಲ್ಲ.

ಅಲ್ಲಿಯ ದೆವ್ವಗಳು ಕೂದಲು ಬಿಟ್ಟು ಕಿರುಚುವುದಿಲ್ಲ ಮಾನ್ಯರೇ. ಬರುತ್ತವೆ, ಒಲೆಯ ಹತ್ತಿರ ಕೂರುತ್ತವೆ, ಹೋಗುತ್ತವೆ. ಅದಕ್ಕೇ ಅವು ನನ್ನ ಕಣ್ಣಿಗೆ ಜಗತ್ತಿನಲ್ಲೇ ಉತ್ತಮ ದೆವ್ವಗಳು. ಮೊದಲ ಚಿತ್ರದಲ್ಲಿ ಸತ್ತ ಕುರುಬನೊಬ್ಬ ಹಿಮಗಾಳಿಯಲ್ಲಿ ಮಾಳಿಗೆ ಮೇಲೆ ನಡೆದಾಡುತ್ತಾನೆ. ನನಗೆ ಬೆನ್ನು ತಣ್ಣಗಾಯಿತು. ಬಳೆ ಮಾರುವ ಮಾಸುಮಬಿ ಮಾತ್ರ ಮುಂದಿನ ಸಾಲಿನಿಂದ ಕೂಗಿದಳು: “ಏ, ಭಾಳ ಥಂಡಿ ಅದ, ಪಾಪ. ಒಳಗ ಕರೀರಿ ಅವನಿಗ, ಚಾ ಕೊಡ್ರಿ!” ದುಷ್ಪರಿಣಾಮ ಆಗಿದ್ದರೆ ಅದು ದೆವ್ವದ ಮೇಲೆ.

ಇನ್ನು ನಿಲ್ಲಿಸಿದ ಚಿತ್ರ. ಮೀನು ಹಿಡಿಯಲು ಹೋದ ಗಂಡ ಕಡಲಲ್ಲಿ ಮುಳುಗಿರುತ್ತಾನೆ. ಒಂದು ದಿನ ಬಾಗಿಲು ಬಡಿಯುವ ಸದ್ದು, ಸಂದಿಯಿಂದ ಒಳಗೆ ಹರಿಯುವ ಉಪ್ಪುನೀರು. ಹೆಂಡತಿ ಚಿಲಕದ ಮೇಲೆ ಕೈ ಇಡುತ್ತಾಳೆ. ಅಷ್ಟರಲ್ಲಿ ಜಗದೇವಿ ಎದ್ದು ನಿಂತಳು. ಆಕೆಯ ಗಂಡ ಶಿವರಾಯ ಆರು ವರ್ಷದ ಹಿಂದೆ ನೀರು ತುಂಬಿದ ಹಳೆಯ ಕಲ್ಲಿನ ಖಣಿಯಲ್ಲಿ ಮುಳುಗಿ ಸತ್ತ. ಮೂರನೆಯ ದಿನ ಸಿಕ್ಕ. ಆಕೆ ತಡಕೊಳ್ಳುವುದಿಲ್ಲವೆಂದು ಹಿರಿಯರು ಆಕೆಗೆ ಅವನ ಮುಖ ತೋರಿಸಲಿಲ್ಲ. ಆರು ವರ್ಷ ಅವನ ಹೆಸರೆತ್ತದಿದ್ದ ಹೆಂಗಸು ತುಂಬಿದ ಸಭೆಯಲ್ಲಿ ಹೇಳಿದಳು: “ತೆಗಿ ತಂಗಿ, ತೆಗಿ. ಅಂಜಬ್ಯಾಡ. ನಿಂದೇ ಮನುಷ್ಯಾ ಅದಾನ.” ನನಗೆ ಮುಂದಿನ ಸಾಲು ಓದಲಾಗಲಿಲ್ಲ.

ಆಗ ನಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ: ಇಂಟರ್ವಲ್ ಬಿಟ್ಟೆ. ಆ ದೇಶದವರು ತಮ್ಮ ಸಿನಿಮಾಕ್ಕೆ ಇಂಟರ್ವಲ್ ಇಟ್ಟಿಲ್ಲ. ಆದರೆ ಭಜಿ, ಚಹಾ ಇಲ್ಲದೆ ಸಿನಿಮಾ ಮುಗಿದರೆ ನಮ್ಮವರು ಅದನ್ನು ಸಿನಿಮಾ ಅನ್ನುತ್ತಾರೆಯೇ? ಭಜಿ ಎಣ್ಣೆಯಲ್ಲಿರುವಾಗಲೇ ತಮ್ಮ ಆದೇಶ ಬಂತು. ಹಾಗೇ ಓಡಿಸಿದ್ದರೆ ಕಾಗದ ಬರುವ ಹೊತ್ತಿಗೆ ಮುಕ್ಕಾಲು ಚಿತ್ರವಾದರೂ ಮುಗಿದಿರುತ್ತಿತ್ತು. ಕಾವಲುಗಾರ ಚಾಂದ್ ಬೀಗ ಹಿಡಿದು ಅಳುವುದೊಂದು ಬಾಕಿ: “ಸರ್, ಆರ್ಡರ್ ಅದರಿ. ನಾನೂ ಅರ್ಧಾನೇ ನೋಡೀನಿ, ಹೊಟ್ಟಿ ಉರೀಲಾಕತ್ತದ.”

ಮರುದಿನ ಜಗದೇವಿ ನಮ್ಮ ಮನೆಗೆ ಬಂದಳು. ಕತೆ ಹೇಳುತ್ತೇನೆ ಅಂದೆ, ಬೇಡ ಅಂದಳು. ನಮ್ಮ ಲ್ಯಾಪ್‌ಟಾಪಿನಲ್ಲೇ ನೋಡು ಅಂದೆ.

“ಒಬ್ಬಾಕಿನೇ ಒಲ್ಲೆರಿ, ಸರ್. ಅವತ್ತ ನನ್ನ ಒಳಗ ಕೂಡಿಸಿ, ಊರ ಮಂದಿ ಎಲ್ಲಾ ಅವರ ಮುಖ ನೋಡ್ತು. ಈ ಸಲ ಎಲ್ಲಾರ ನಡುವ ಕುಂತು ನಾನೂ ನೋಡ್ತೀನಿ.”

ಈಗ ಹೇಳಿ, ಹೆಂಗಸರ ಮನಸ್ಸಿನ ಪರಿಣಾಮ ಬಲ್ಲವರೇ, ಆಕೆಗೆ ಏನು ಉತ್ತರ ಕೊಡಲಿ?

ಬರುವ ಭಾನುವಾರ ಮೂರು ಗಂಟೆಗೆ ಭವನ ತೆರೆಸಿ. ಇಂಟರ್ವಲ್ ಬಿಡುವುದಿಲ್ಲವೆಂದು ಬರೆದು ಕೊಡುತ್ತೇನೆ. ತಾವೂ ಬನ್ನಿ, ಹೆದರಿಕೆಯಾದರೆ ಮಾಸುಮಬಿಯ ಪಕ್ಕ ಕುರ್ಚಿ ಹಾಕಿಸುತ್ತೇನೆ. ಇಲ್ಲ, ಆಗುವುದಿಲ್ಲ ಎನ್ನುವುದಾದರೆ ಕಾಗದ ಕಳಿಸಬೇಡಿ. ನೋಡಬೇಡ ಎಂದು ಆ ಹೆಂಗಸಿಗೆ ಎರಡನೆಯ ಸಲ ಹೇಳುವವರು ಎದುರಿಗೆ ಬಂದು, ಆಕೆಯ ಮುಖ ನೋಡಿ ಹೇಳಬೇಕು.

ಇಂತಿ,
ಕೊನೆ ಗೊತ್ತಿದ್ದೂ ಬಾಯಿ ಕಟ್ಟಿಕೊಂಡು ಕೂತಿರುವ
ಧೀರೇಂದ್ರ
ನಿವೃತ್ತ ಇಂಗ್ಲಿಷ್ ಶಿಕ್ಷಕ, ಸದ್ಯಕ್ಕೆ ಕೆಲಸವಿಲ್ಲದ ದೆವ್ವಗಳ ದುಭಾಷಿ