ಜೀವ ಇರುವತನಕ ಒಪ್ಪತ್ತು

ಇಂಡಿ
೨೨-೯-೨೦೦೧

ಚಿರಂಜೀವಿ ಸೌಭಾಗ್ಯವತಿ ತಂಗಿ ಸುಜಾತಾಳಿಗೆ ಅಕ್ಕ ಸುನಂದಾ ಮಾಡುವ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ಮುದ್ದೇಬಿಹಾಳದಲ್ಲಿ ನೀವೆಲ್ಲ ಹೇಗಿದ್ದೀರಿ? ಪಂಚಮಿಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. "ಅಕ್ಕಾ, ತೂಕ ಎಷ್ಟು ಇಳೀತು?" ಎಂದು ಕೇಳಿದ್ದೆಯಲ್ಲ, ಆ ಒಂದು ಪ್ರಶ್ನೆಗೇ ಪೆನ್ನು ಮುಂದೆ ಹೋಗಲಿಲ್ಲ. ಇಳಿದಿಲ್ಲ. ಎರಡು ಕಿಲೋ ಏರಿದೆ. ಮೊದಲು ನಕ್ಕುಬಿಡು, ಆಮೇಲೆ ಉಳಿದದ್ದನ್ನು ಓದು.

ನನ್ನ ಹುಚ್ಚಾಟ ನಿನಗೆ ಗೊತ್ತೇ ಇದೆ. ಹದಿನೈದು ದಿನ ನಮ್ಮ ಹೊಲದ ಲಿಂಬೆಯ ರಸ ಕುಡಿದು ನಾಲ್ಕು ಕಿಲೋ ಇಳಿಸಿದೆ. ಉಣ್ಣಲು ಶುರು ಮಾಡಿದ ಮೇಲೆ ಐದು ಕಿಲೋ ಬಂತು. ಮೊಣಕಾಲು ನೋವೆಂದು ವಿಜಾಪುರದ ಡಾಕ್ಟರಮ್ಮನ ಹತ್ತಿರ ಹೋದಾಗ ಆಕೆ ಚೆನ್ನಾಗಿ ಝಾಡಿಸಿದಳು. "ಹದಿನೈದು ದಿನದ ಆಟ ಬ್ಯಾಡ್ರಿ. ಜೀವ ಇರೂತನಕಾ ಬ್ಯಾಸರಿಲ್ದ ಉಣ್ಣಾಕ ಬರೂದು ಯಾವುದೈತಿ, ಅದನ್ನ ಆರಿಸ್ಕೋರಿ. ಸಾವಕಾಶ ಇಳೀತೈತಿ, ಆದ್ರ ತಿರುಗಿ ಏರೂದಿಲ್ಲ." ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ ಆರಿಸಿಕೊಂಡೆ: ಹೊತ್ತಿಗೆ ಒಂದೂವರೆ ಜೋಳದ ರೊಟ್ಟಿ, ಪುಂಡಿಪಲ್ಯವೋ ಮೆಂತ್ಯಪಲ್ಯವೋ, ಹೆಸರುಕಾಳು, ಮಜ್ಜಿಗೆ. ನಾವು ಹುಟ್ಟಿ ಬೆಳೆದದ್ದೇ ಅದರ ಮೇಲೆ. ಇಷ್ಟು ಸುಲಭವೇ ಎಂದು ಖುಷಿಯಾಯಿತು.

ಆದರೆ ಈ ಮನೆಯಲ್ಲಿ "ಸಾಕು" ಎಂದರೆ ಯಾರಿಗೆ ಕೇಳುತ್ತದೆ? ಅತ್ತೆ ಶೇವಂತೆವ್ವ ರೊಟ್ಟಿಯ ಮೇಲೆ ರೊಟ್ಟಿ ಹಾಕಿ ತುಪ್ಪ ಸುರಿಯುತ್ತಾರೆ. "ಸೊಸಿ ಸೊರಗಿದ್ರ ಮಂದಿ ನನ್ನ ಮಾರಿಗೆ ಉಗುಳ್ತಾರ" ಎನ್ನುತ್ತಾರೆ. ಯುಗಾದಿ ಮುಗಿದ ಮೇಲೆ ಒಂದು ಸಂಜೆ ತಾಳಲಾರದೆ, "ನಾ ಒಪ್ಪತ್ತು ಹಿಡದೇನ್ರಿ ಅತ್ತಿ" ಎಂದುಬಿಟ್ಟೆ. ದಿನಕ್ಕೊಂದೇ ಊಟದ ವ್ರತವೆಂದರೆ ಒಂದು ಹೊತ್ತಿನ ತುಪ್ಪವಾದರೂ ತಪ್ಪೀತು ಎಂಬ ಆಸೆ. "ಎಲ್ಲೀತನಕಾ?" ಎಂದರು. ಡಾಕ್ಟರಮ್ಮನ ಮಾತು ನಾಲಿಗೆಯ ಮೇಲೇ ಇತ್ತು ನೋಡು, "ಜೀವ ಇರೂತನಕಾ" ಎಂದೆ.

ಅತ್ತೆ ಕೈಯಲ್ಲಿದ್ದ ರೊಟ್ಟಿಬುಟ್ಟಿ ಕೆಳಗಿಟ್ಟರು. ಕಣ್ಣಲ್ಲಿ ನೀರು. "ನನ್ನ ಮಗನ ಆಯುಷ್ಯಕ್ಕೇನವಾ?" ನಾನು ಅಲ್ಲವೆನ್ನದೆ ಬುಟ್ಟಿ ಎತ್ತಿ ಒಳಗಿಟ್ಟೆ. ಅದೇ ತಪ್ಪಾಯಿತು.

ಮರುದಿನ ಓಣಿಗೆಲ್ಲ ಸುದ್ದಿ. ಒಂದೇ ಊಟವೆಂದು ಮಧ್ಯಾಹ್ನ ಎರಡು ಪಟ್ಟು ಬಡಿಸುತ್ತಾರೆ. ಬರಿಹೊಟ್ಟೆಯಲ್ಲಿ ಮಲಗಬಾರದೆಂದು ಸಂಜೆ ಫಳಾರ: ಶೇಂಗಾಪುಡಿ, ತುಪ್ಪ ಹಾಕಿದ ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಸಕ್ಕರೆ ಹಾಲು. ಆಗ ಒಂದು ತುಣುಕು ರೊಟ್ಟಿ ಮುಟ್ಟಿದರೂ ವ್ರತ ಕೆಟ್ಟಿತಂತೆ! "ನಾವು ರೋಜಾ ಹಿಡದ್ರ ಇಳೀತೇವಿ, ನೀ ಒಪ್ಪತ್ತು ಹಿಡದು ಏರಾಕತ್ತಿಯಲ್ಲವಾ" ಎಂದು ಪಕ್ಕದ ಮನೆಯ ರಹಿಮಾಬಿ ನಗುತ್ತಾಳೆ. ನಾನೂ ನಗುತ್ತಿದ್ದೆ.

ಈಗ ನಗು ಬರುವುದಿಲ್ಲ. ಶ್ರಾವಣದಿಂದ ಅತ್ತೆಯೂ ಒಪ್ಪತ್ತು ಹಿಡಿದಿದ್ದಾರೆ. "ನನ್ನ ಮಗನ ಸಲುವಾಗಿ ನೀ ಉಪಾಸ ಇದ್ರ ನಾ ಎರಡ ಹೊತ್ತು ಹೆಂಗ ಉಣ್ಣಲಿ?" ಅವರು ಫಳಾರವನ್ನೂ ಮುಟ್ಟುವುದಿಲ್ಲ, ಬರೀ ನೀರು. ಎಪ್ಪತ್ತು ವರ್ಷ, ಅದರ ಮೇಲೆ ಸಕ್ಕರೆ ಕಾಯಿಲೆಯ ಗುಳಿಗೆ. ಮೊನ್ನೆ ಬಚ್ಚಲ ಮುಂದೆ ತಲೆ ತಿರುಗಿ ಕುಸಿದರು. ಬೆಲ್ಲದ ನೀರು ಕುಡಿಸಲು ಹೋದರೆ ಮುಖ ತಿರುಗಿಸಿ, "ನೀ ಬಿಟ್ಟ ದಿನಾ ನಾ ಬಿಡ್ತೇನಿ" ಎಂದರು. ನಾನು ಬಿಟ್ಟರೆ ಗಂಡನ ಆಯುಷ್ಯಕ್ಕೆ ಕುತ್ತು ತಂದವಳು. ಬಿಡದಿದ್ದರೆ ಈ ಮುದುಕಿಯನ್ನು ಕೊಂದವಳು. ಅದು ವ್ರತವೇ ಅಲ್ಲ, ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡು, "ನಿನ್ನಂಥಾಕಿ ಸಿಕ್ಕದ್ದು ನನ್ನ ಮಗನ ಪುಣ್ಯಾ" ಎಂದರು. ಬೆಲ್ಲದ ನೀರಿನ ಲೋಟ ಹಾಗೇ ಒಳಗೆ ಒಯ್ದಿಟ್ಟೆ, ಸುಜಾತಾ. ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿದೆ.

ದಸರೆಗೆ ಬಾ. ನಿನ್ನ ಮಾತನ್ನು ಅತ್ತೆ ಕೇಳುತ್ತಾರೆ. ನೀನು ಪಕ್ಕದಲ್ಲಿದ್ದರೆ ನಿಜ ಹೇಳುವ ಧೈರ್ಯ ನನಗೂ ಬಂದೀತು. ಮಕ್ಕಳಿಗೆ ನನ್ನ ಮುದ್ದು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಕ್ಕ
ಸುನಂದಾ

ತಾ.ಕ.: ಅಕ್ಕ ಎಂದು ಸಹಿ ಮಾಡುವಾಗ ಒಂದು ಮಾತು ನೆನಪಾಯಿತು, ಅದಕ್ಕೇ ಇಷ್ಟು ಬರೆಯುತ್ತೇನೆ. ಮೊಣಕಾಲು ನೋವು ಸುಳ್ಳಲ್ಲ. ಆದರೆ ತೂಕ ಇಳಿಸಲು ಹಟ ಹಿಡಿದದ್ದು ಅದಕ್ಕಲ್ಲ. ಸಂಕ್ರಾಂತಿಗೆ ಮೊದಲು ನಮ್ಮ ಮನೆಯವರ ಜೊತೆ ವಿಜಾಪುರದ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಅವರ ಹೊಸ ಪರಿಚಯದವರೊಬ್ಬರು ಎದುರಾಗಿ, ನನ್ನ ಕಡೆ ನೋಡಿ, "ಇವ್ರು ನಿಮ್ಮ ಅಕ್ಕಾರೇನ್ರಿ?" ಎಂದು ಕೇಳಿದರು. ಮನೆಯವರು ನನ್ನ ಮುಖ ನೋಡದೆ, "ಹೌದ್ರಿ" ಎಂದರು. ಆ ಮನುಷ್ಯ ನನಗೆ ಕೈಮುಗಿದು, "ತಮ್ಮನ ಮನಿಗೆ ಬಂದೀರೇನ್ರಿ?" ಎಂದರು. ನಾನು, "ಹೌದ್ರಿ, ನಾಕ ದಿನಾ ಇದ್ದು ಹೋಗಾಕ ಬಂದೇನಿ" ಎಂದೆ.